ಮೊದಲು ಟೀಚರ್ ಕೈ ಮಣ್ಣಾಗಲಿ: ಅಂಗನವಾಡಿ ಶಿಕ್ಷಕಿಯರಿಗೆ ಕಲೆಯ ತರಬೇತಿ ಕೊಡುವ ಬಗೆ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಕಡೆಯ ಒಂದು ತರಬೇತಿಯಲ್ಲಿ 24 ಜನ ಅಂಗನವಾಡಿ ಟೀಚರ್‌ಗಳಿಗೆ ಒಂದೊಂದು ಬಿಳಿ ಹಾಳೆ ಕೊಟ್ಟು, "ನಿಮಗೆ ಇಷ್ಟ ಬಂದ ಚಿತ್ರ ಬರೀರಿ" ಅಂದೆ. ಐದು ನಿಮಿಷ ಯಾರೂ ಪೆನ್ಸಿಲ್ ಮುಟ್ಟಲಿಲ್ಲ. ಆಮೇಲೆ ಪಕ್ಕದವರ ಹಾಳೆ ನೋಡಿಕೊಂಡು ಒಬ್ಬೊಬ್ಬರೇ ಶುರು ಮಾಡಿದರು. ಎಲ್ಲವನ್ನೂ ಗೋಡೆಗೆ ಅಂಟಿಸಿ ನೋಡಿದರೆ ಹೆಚ್ಚುಕಡಿಮೆ ಒಂದೇ ಚಿತ್ರ. ಎರಡು ಚೂಪು ಗುಡ್ಡ, ನಡುವೆ ಸೂರ್ಯ, ಕೆಳಗೊಂದು ಹೊಳೆ, ಒಂದು ಗುಡಿಸಲು, ಒಂದು ತೆಂಗಿನ ಮರ.

ಕಿಟಕಿಯಿಂದ ಆಚೆ ಕಾಣುತ್ತಿದ್ದದ್ದೇ ಬೇರೆ. ನಮ್ಮ ದುರ್ಗದ ಗುಡ್ಡ ಚೂಪಾಗಿರುವುದಿಲ್ಲ. ಬಂಡೆ ಮೇಲೆ ಬಂಡೆ ಪೇರಿಸಿಟ್ಟ ಹಾಗಿರುತ್ತದೆ. ಸುತ್ತ ಜಾಲಿ ಗಿಡ, ಶೇಂಗಾ ಹೊಲ, ಕುರಿ ಮಂದೆ. ಇವುಗಳಲ್ಲಿ ಒಂದೂ ಹಾಳೆಯ ಮೇಲೆ ಬರಲಿಲ್ಲ. ಚಿಕ್ಕಂದಿನಲ್ಲಿ ಬೋರ್ಡ್ ನೋಡಿ ನಕಲು ಮಾಡಿದ ಚಿತ್ರ ಕೈಯಲ್ಲಿ ಹಾಗೇ ಉಳಿದುಬಿಟ್ಟಿತ್ತು. ಅದನ್ನೇ ಅವರು ನಾಳೆ ತಮ್ಮ ಮಕ್ಕಳಿಗೂ ಬೋರ್ಡ್ ಮೇಲೆ ಬರೆದು ತೋರಿಸುತ್ತಾರೆ.

ಅವತ್ತಿನಿಂದ ನಾನು ತರಬೇತಿ ಕೊಡುವ ರೀತಿಯನ್ನೇ ಬದಲಾಯಿಸಿದೆ. ಕಲೆಯ ಮಹತ್ವದ ಬಗ್ಗೆ ಭಾಷಣ ನಿಲ್ಲಿಸಿದೆ. ಟೀಚರ್ ಕೈಗೆ ಮೊದಲು ಮಣ್ಣು, ಬಣ್ಣ ಮೆತ್ತಬೇಕು, ಅವರ ಬಾಯಿಂದ ಮೊದಲು ಹಾಡು ಬರಬೇಕು. ಮಕ್ಕಳ ಮಾತು ಆಮೇಲೆ. ನೀವು ಮೇಲ್ವಿಚಾರಕಿಯಾಗಿರಬಹುದು, ನರ್ಸರಿ ಶಾಲೆ ನಡೆಸುತ್ತಿರಬಹುದು, ಮಕ್ಕಳ ಜೊತೆ ಕೆಲಸ ಮಾಡುವ ಕಲಾವಿದರಾಗಿರಬಹುದು. 20–25 ಜನ ಟೀಚರ್‌ಗಳ ತಂಡಕ್ಕೆ ತರಬೇತಿ ಕೊಡಬೇಕಾಗಿ ಬಂದರೆ ಹೇಗೆ ಹೋಗಬೇಕು ಅಂತ ನನ್ನ ಅನುಭವದಿಂದ ಬರೆಯುತ್ತಿದ್ದೇನೆ.

ಹೆಜ್ಜೆ 1: ಮೊದಲು ಮೂರು ಕೇಂದ್ರ ನೋಡಿ ಬನ್ನಿ

ತರಬೇತಿಗೆ ಎರಡು ವಾರ ಮುಂಚೆ ಯಾವುದಾದರೂ ಮೂರು ಅಂಗನವಾಡಿಗೆ ಹೋಗಿ. ಬೆಳಿಗ್ಗೆ ಹೋದರೆ ಮಕ್ಕಳ ಊಟದವರೆಗೂ ಕೂರಿ. ಏನನ್ನೂ ತಿದ್ದಬೇಡಿ, ಸುಮ್ನೆ ನೋಡಿ.

ಗೋಡೆಯ ಚಿತ್ರಗಳು ಎಷ್ಟು ಎತ್ತರದಲ್ಲಿವೆ? ಬಹಳ ಕಡೆ ದೊಡ್ಡವರ ತಲೆಗಿಂತ ಮೇಲಿರುತ್ತವೆ. ಮೂರು ವರ್ಷದ ಮಗುವಿಗೆ ಅವು ಚಾವಣಿ ಇದ್ದ ಹಾಗೆ. ಅವುಗಳಲ್ಲಿ ಮಕ್ಕಳು ಬರೆದದ್ದು ಎಷ್ಟು? ಬಣ್ಣದ ಪೆಟ್ಟಿಗೆ ಎಲ್ಲಿದೆ? ನಾನು ಹೋದ ಕಡೆಯೆಲ್ಲ ಹೆಚ್ಚಾಗಿ ಬೀರುವಿನೊಳಗಿತ್ತು. ಮೇಲಿನ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ. ಇದಕ್ಕೆ ಟೀಚರನ್ನು ದೂರಬೇಡಿ. ಸಾಮಾನು ದಾಸ್ತಾನು ಪುಸ್ತಕದಲ್ಲಿ ಬರೆದಿದೆ, ಮುರಿದುಹೋದರೆ ಯಾರು ಉತ್ತರ ಕೊಡಬೇಕು ಅನ್ನುವ ಭಯ ಅವರಿಗೆ. ಹಾಗಾಗಿ ತರಬೇತಿಯ ಮೊದಲ ದಿನ ಮೇಲ್ವಿಚಾರಕಿಯನ್ನು ಕರೆಸಿ, ಎಲ್ಲರ ಮುಂದೆ ಒಂದೇ ಮಾತು ಹೇಳಿಸಿ: "ಬಣ್ಣ ಖರ್ಚಾಗಲಿ. ಕ್ರೇಯಾನ್ ಮುರಿಯಲಿ. ಹೊಸದಾಗಿಯೇ ಉಳಿದರೆ ನಾನು ಕೇಳ್ತೀನಿ." ಈ ಒಂದು ಮಾತಿಗೆ ಅರ್ಧ ದಿನದ ಪಾಠದಷ್ಟು ಬೆಲೆ ಇದೆ.

ಇನ್ನೊಂದು, ಅವರ ಕೆಲಸದ ಹೊರೆ ಕಣ್ಣಾರೆ ನೋಡಿ. ಮಕ್ಕಳ ತೂಕ, ಎತ್ತರ ಅಳೆಯಬೇಕು. ಗರ್ಭಿಣಿ, ಬಾಣಂತಿಯರ ಆಹಾರ ನೋಡಬೇಕು. ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಎಲ್ಲವನ್ನೂ ತುಂಬಬೇಕು. ಮೇಲೆ ಸರ್ವೆ ಬೇರೆ. ಇಷ್ಟರ ಮಧ್ಯೆ ನೀವು 'ಕಲಾ ಚಟುವಟಿಕೆ ರಿಜಿಸ್ಟರ್' ಅಂತ ಹೊಸ ಪುಸ್ತಕ ಕೊಟ್ಟರೆ ಚಟುವಟಿಕೆ ಪುಸ್ತಕದಲ್ಲಿ ಮಾತ್ರ ನಡೆಯುತ್ತದೆ. ದಯವಿಟ್ಟು ಕೊಡಬೇಡಿ.

ಮಕ್ಕಳ ಮನೆಮಾತು ಯಾವುದು ಅಂತಲೂ ಬರೆದುಕೊಳ್ಳಿ. ಮೊಳಕಾಲ್ಮೂರು, ಚಳ್ಳಕೆರೆ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು. ತಾಂಡಾಗಳಲ್ಲಿ ಲಂಬಾಣಿ. ದಾವಣಗೆರೆ ಪೇಟೆಯ ಕೇಂದ್ರಗಳಲ್ಲಿ ಉರ್ದು ಮಾತಾಡುವ ಮಕ್ಕಳು ಜಾಸ್ತಿ ಸಿಗುತ್ತಾರೆ. ಇದು ಮುಂದೆ ಬೇಕಾಗುತ್ತದೆ.

ಹೆಜ್ಜೆ 2: ಒಂದೇ ದಿನಕ್ಕೆ ಮುಗಿಸಬೇಡಿ

ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಒಂದು ದಿನದ ತರಬೇತಿಗೆ ಹೋಗಿದ್ದೆ. ಪರದೆ ಮೇಲೆ ಚಿತ್ರ ಬರುತ್ತಲೇ ಇದ್ದವು. ಎರಡು ಸಲ ಟೀ ಕೊಟ್ಟರು, ಸಂಜೆ ಒಂದು ಫೈಲ್ ಕೊಟ್ಟು ಕಳಿಸಿದರು. 'ಮಕ್ಕಳಿಗೆ ಆಟದ ಮೂಲಕ ಕಲಿಸಿ' ಅಂತ ದಿನವಿಡೀ ಕುರ್ಚಿ ಮೇಲೆ ಕೂರಿಸಿ ಹೇಳಿದರು. ಮಾರನೇ ದಿನ ಕೇಂದ್ರದಲ್ಲಿ ಏನು ಮಾಡಬೇಕು ಅಂತ ನನಗೆ ತಿಳಿಯಲೇ ಇಲ್ಲ. ಆ ಬೇಸರ ಇವತ್ತಿಗೂ ಹೋಗಿಲ್ಲ.

ನನಗೆ ಸರಿ ಕಂಡ ಅಳತೆ ಹೀಗಿದೆ. ಮೊದಲು ಒಂದು ಪೂರ್ತಿ ದಿನ. ಆಮೇಲೆ ಮೂರು ವಾರಕ್ಕೊಮ್ಮೆ ಅರ್ಧ ದಿನದಂತೆ ನಾಲ್ಕು ಸಲ. ಒಟ್ಟು ಐದು ಭೇಟಿ. ನಡುವಿನ ಮೂರು ವಾರದಲ್ಲಿ ಅವರು ತಮ್ಮ ಕೇಂದ್ರದಲ್ಲಿ ಒಂದೇ ಒಂದು ಹೊಸ ಕೆಲಸ ಮಾಡಿ ನೋಡಬೇಕು. ಎರಡು ಬೇಡ. ಒಂದನ್ನು ಚೆನ್ನಾಗಿ ಮಾಡಿದವರು ಎರಡನೆಯದನ್ನು ತಾವೇ ಹುಡುಕುತ್ತಾರೆ.

ಸಹಾಯಕಿಯರನ್ನೂ ಕರೆಯಿರಿ. ಇದನ್ನು ಯಾರೂ ಮಾಡುವುದಿಲ್ಲ, ನನಗೆ ಅದೇ ಸಂಕಟ. ಮೀಟಿಂಗ್ ದಿನ ಕೇಂದ್ರ ನೋಡಿಕೊಳ್ಳುವವರು ಅವರು, ಮಕ್ಕಳ ಕೈ ತೊಳೆಸುವವರೂ ಅವರೇ. ಮಣ್ಣಿನ ಕೆಲಸ ಯಾಕೆ ಬೇಕು ಅಂತ ಅವರಿಗೆ ಗೊತ್ತಿಲ್ಲದಿದ್ದರೆ 'ನೆಲ ಎಲ್ಲ ಕೊಳೆ ಆಯ್ತು' ಅಂತ ಎರಡನೇ ದಿನವೇ ನಿಂತುಹೋಗುತ್ತದೆ. ಎಲ್ಲರನ್ನೂ ಒಟ್ಟಿಗೆ ಕರೆಯಲು ಆಗದಿದ್ದರೆ ಎರಡು ತಂಡ ಮಾಡಿ.

ಜಾಗ ದೊಡ್ಡದಿರಲಿ, ನೆಲದ ಮೇಲೆ ಕೂರುವಂತಿರಲಿ, ನೀರು ಹತ್ತಿರವಿರಲಿ. ಬಿತ್ತನೆ ಹೊತ್ತು, ನಾಯಕನಹಟ್ಟಿ ಜಾತ್ರೆಯ ವಾರ, ಇಂಥವನ್ನು ತಪ್ಪಿಸಿ ದಿನ ಇಡಿ.

ಹೆಜ್ಜೆ 3: ಹಾಡಿನಿಂದ ಶುರು ಮಾಡಿ

ಮೊದಲ ದಿನ ಬೆಳಿಗ್ಗೆ ಎಲ್ಲರೂ ದುಂಡಗೆ ಕೂರಿ. ಪರಿಚಯದ ಭಾಷಣ ಬೇಡ. ಒಂದೊಂದು ಬಿಳಿ ಹಾಳೆ ಕೊಟ್ಟು ಇಷ್ಟ ಬಂದ ಚಿತ್ರ ಬರೆಸಿ, ಏನೂ ಹೇಳದೆ ಎತ್ತಿಡಿ, ಕೊನೆಯ ಭೇಟಿಗೆ ಬೇಕಾಗುತ್ತದೆ. ಪಾಠ ಶುರುವಾಗುವುದು ಹಾಡಿನಿಂದ. ಒಂದು ಹಾಡು ಹೇಳಿ ಅಂದರೆ ಎಲ್ಲರದೂ ಒಂದೇ ಉತ್ತರ: "ಅಯ್ಯೋ ಅಕ್ಕ, ನಂಗೆ ಹಾಡು ಬರಲ್ಲ."

ಹಾಗೆ ಕೇಳಬೇಡಿ. "ನಿಮ್ಮ ಮಗು ಅಳ್ತಿದ್ದಾಗ ಏನು ಹೇಳಿ ಮಲಗಿಸ್ತಿದ್ರಿ?" ಅಂತ ಕೇಳಿ. "ನಿಮ್ಮಜ್ಜಿ ರಾಗಿ ಬೀಸ್ತಾ ಏನು ಹೇಳೋರು?" ಅಂತ ಕೇಳಿ. ಮೊದಲು ನಗು, ಆಮೇಲೆ ಯಾರೋ ಒಬ್ಬರು ತಲೆ ಬಗ್ಗಿಸಿಕೊಂಡು ಎರಡು ಸಾಲು ಹೇಳುತ್ತಾರೆ. ಪಕ್ಕದವರು, "ನಮ್ಮೂರಲ್ಲಿ ಅದನ್ನು ಬೇರೆ ಥರ ಹೇಳ್ತಾರೆ" ಅನ್ನುತ್ತಾರೆ. ಅಲ್ಲಿಗೆ ಗೆದ್ದಂತೆ. ಜೋಗುಳ, ಬೀಸುವ ಪದ, ಸೋಬಾನೆ, ಕೋಲಾಟದ ಪದ ಎಲ್ಲ ಒಂದರ ಹಿಂದೆ ಒಂದು ಬರುತ್ತವೆ. ಈ ಸೀಮೆಯಲ್ಲಿ ಹಾಡಿಗೆ ಬರವಿಲ್ಲ. ಚಳ್ಳಕೆರೆ ತಾಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದು ಬರಹ ಕಲಿಯದೆ ಸಾವಿರಾರು ಪದಗಳನ್ನು ನೆನಪಿನಲ್ಲಿಟ್ಟುಕೊಂಡು ಹಾಡುತ್ತಿದ್ದವರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ಅವರ ಹೆಸರು ಹೇಳಿದರೆ ಟೀಚರ್‌ಗಳ ಬೆನ್ನು ನೆಟ್ಟಗಾಗುವುದನ್ನು ನಾನು ನೋಡಿದ್ದೇನೆ.

ಬಂದ ಹಾಡುಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ತಂಡದ ವಾಟ್ಸಾಪ್ ಗ್ರೂಪ್‌ಗೆ ಹಾಕಿ. ಆಮೇಲೆ ಕುಳಿತು ಆರಿಸಿ. ಮಕ್ಕಳಿಗೆ ಯಾವುದು ಒಗ್ಗುತ್ತದೆ? ಸಾಲು ಚಿಕ್ಕದಿರಬೇಕು, ಒಂದೇ ಮಾತು ಮತ್ತೆ ಮತ್ತೆ ಬರಬೇಕು, ಕೈಕಾಲು ಆಡಿಸಲು ಜಾಗವಿರಬೇಕು. ಉದ್ದದ ಪದವಾದರೆ ನಾಲ್ಕು ಸಾಲು ಸಾಕು. ಹಾಡಿಗೆ ತಾಳ ಬೇಕಲ್ಲ, ಅಲ್ಲೇ ಗಿಲಕಿ ಮಾಡಿಸಿ. ಖಾಲಿ ಬಾಟಲಿಗೆ ರಾಗಿ ಹಾಕಿದರೆ ಒಂದು ಸದ್ದು, ಕಲ್ಲು ಹಾಕಿದರೆ ಇನ್ನೊಂದು, ಶೇಂಗಾ ಸಿಪ್ಪೆ ತುಂಬಿದರೆ ಮತ್ತೊಂದು. ಸೀರೆ ಅಡ್ಡ ಹಿಡಿದು ಹಿಂದಿನಿಂದ ಆಡಿಸಿ, ಯಾವುದು ಅಂತ ಹೇಳಿಸಿ. ಮಕ್ಕಳಿಗೆ ಕಿವಿಗೊಟ್ಟು ಕೇಳುವ ಅಭ್ಯಾಸ ಹೀಗೆ ಬರುತ್ತದೆ. ಮುಂದೆ 'ಕ' ಬೇರೆ 'ಗ' ಬೇರೆ ಅಂತ ಗೊತ್ತಾಗಬೇಕಾದರೆ ಇದೇ ಕಿವಿ ಬೇಕು. ಬಾಟಲಿಯ ಮುಚ್ಚಳ ಮಾತ್ರ ಗಟ್ಟಿಯಾಗಿ ಅಂಟಿಸಿರಬೇಕು. ಸಣ್ಣ ಮಕ್ಕಳು ಕಾಳನ್ನು ಮೂಗಿಗೆ, ಕಿವಿಗೆ ಹಾಕಿಕೊಳ್ಳುತ್ತಾರೆ.

ಮೊದಲು ಬರೆದುಕೊಂಡ ಮನೆಮಾತಿನ ಪಟ್ಟಿ ಈಗ ತೆಗೆಯಿರಿ. ಪ್ರತಿ ಟೀಚರ್ ತಮ್ಮ ಕೇಂದ್ರದ ಮಕ್ಕಳ ಮನೆಮಾತಿನಲ್ಲಿ ಒಂದು ಹಾಡನ್ನು ಯಾರಾದರೂ ತಾಯಿಯಿಂದ ಕಲಿತು ಬರಬೇಕು. ಇದು ಮೊದಲ ಮೂರು ವಾರದ ಕೆಲಸ. ತಾಂಡಾದ ಒಂದು ಹುಡುಗಿ ಎರಡು ತಿಂಗಳು ಬಾಯಿ ಬಿಟ್ಟಿರಲಿಲ್ಲವಂತೆ. ಟೀಚರ್ ತಪ್ಪು ತಪ್ಪಾಗಿ ಲಂಬಾಣಿ ಹಾಡು ಹೇಳಿದ ದಿನ ಆಕೆ ಎದ್ದು ಬಂದು ತಿದ್ದಿದಳು. ಆ ಟೀಚರ್ ಇದನ್ನು ನಮಗೆ ಹೇಳುವಾಗ ಅಳುತ್ತಿದ್ದರು.

ಹೆಜ್ಜೆ 4: ಮಣ್ಣು

ಮಧ್ಯಾಹ್ನ ಊಟವಾದ ಮೇಲೆ ಮಣ್ಣಿಗೆ ಕೈ ಹಾಕಿಸಿ. ಪೆನ್ಸಿಲ್‌ಗಿಂತ ಮೊದಲು ಮಣ್ಣು ಯಾಕೆ ಅಂದರೆ, ಅದರಲ್ಲಿ ತಪ್ಪು ಅನ್ನುವುದೇ ಇಲ್ಲ. ಸರಿ ಬರದಿದ್ದರೆ ಮುದ್ದೆ ಮಾಡಿ ಮತ್ತೆ ಶುರು ಮಾಡಬಹುದು. ಚಿತ್ರ ಬರಲ್ಲ ಅಂದವರಿಗೆಲ್ಲ ಮಣ್ಣಿನ ಎತ್ತು ಮಾಡಲು ಬರುತ್ತದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡದೆ ಬೆಳೆದವರು ನಮ್ಮ ಕಡೆ ಯಾರಿದ್ದಾರೆ? ಸಾಧ್ಯವಾದರೆ, ಬಿತ್ತನೆಯ ದಿನ ತಪ್ಪಿಸಿ, ತರಬೇತಿಯನ್ನೇ ಆ ಹಬ್ಬದ ಆಸುಪಾಸು, ಜೂನ್–ಜುಲೈ ಹೊತ್ತಿಗೆ ಇಡಿ.

ಮಣ್ಣು ಹದ ಮಾಡುವುದನ್ನೂ ಅವರ ಕೈಯಲ್ಲೇ ಮಾಡಿಸಿ. ಕೆರೆ ಅಂಗಳದ ಜೇಡಿಮಣ್ಣು ಒಳ್ಳೆಯದು. ಬರೀ ಎರೆ ಮಣ್ಣು ಒಣಗಿದಾಗ ಬಿರುಕು ಬಿಡುತ್ತದೆ, ಸ್ವಲ್ಪ ಸಣ್ಣ ಮರಳು ಸೇರಿಸಿದರೆ ತಾಳುತ್ತದೆ. ಒಣಗಿಸಿ, ಕುಟ್ಟಿ, ಜರಡಿ ಹಿಡಿಯಿರಿ. ಗಾಜು, ಮುಳ್ಳು, ಜಾಲಿ ಕಡ್ಡಿ ಇಲ್ಲದಂತೆ ನೋಡುವುದು ಮುಖ್ಯ. ರಾತ್ರಿ ನೆನೆಸಿಟ್ಟು ಬೆಳಿಗ್ಗೆ ಚೆನ್ನಾಗಿ ಮಿದಿಯಿರಿ. ಕೈಗೆ ಅಂಟಬಾರದು, ಬೆರಳಿಟ್ಟರೆ ಗುರುತು ಉಳಿಯಬೇಕು. ಚಪಾತಿ ಹಿಟ್ಟಿನ ಹದ ಅಂದರೆ ಎಲ್ಲರಿಗೂ ತಿಳಿಯುತ್ತದೆ. ಒದ್ದೆ ಗೋಣಿಚೀಲ ಮುಚ್ಚಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ.

ಗೋಧಿ ಹಿಟ್ಟಿಗೆ ಉಪ್ಪು ಸೇರಿಸಿ ಆಟದ ಹಿಟ್ಟು ಮಾಡಿ ಅಂತ ಕೆಲವರು ಹೇಳಿಕೊಡುತ್ತಾರೆ. ಪೇಟೆ ಶಾಲೆಗಳಲ್ಲಿ ನಡೆಯಬಹುದು. ಅಂಗನವಾಡಿಯಲ್ಲಿ ನನಗೆ ಮನಸ್ಸು ಬರುವುದಿಲ್ಲ. ಆಹಾರ ಕೊಡುವ ಜಾಗದಲ್ಲಿ ಹಿಟ್ಟನ್ನು ಆಡಿ ಬಿಸಾಡುವುದನ್ನು ಊರಿನ ಅಜ್ಜಿಯರು ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಮಣ್ಣು ಪುಕ್ಕಟೆ ಸಿಗುತ್ತದೆ, ಮಣ್ಣೇ ಸಾಕು.

ಟೀಚರ್‌ಗಳಿಗೆ ಕೊಡುವ ಕೆಲಸ ಹೀಗಿರಲಿ. ಮೊದಲ 10 ನಿಮಿಷ ಏನೂ ಮಾಡಬೇಡಿ, ಹಿಸುಕಿ, ತಟ್ಟಿ, ಉದ್ದ ಎಳೆಯಿರಿ ಅಷ್ಟೇ. ಆಮೇಲೆ ಕಣ್ಣು ಮುಚ್ಚಿಕೊಂಡು ಒಂದು ಹಣ್ಣು ಮಾಡಿ. ಕೊನೆಗೆ ನಿಮ್ಮ ಅಡುಗೆಮನೆಯ ಒಂದು ವಸ್ತು ಮಾಡಿ. ಮುಗಿದ ಮೇಲೆ ಕೇಳಿ: ಯಾವ ಬೆರಳಿಗೆ ಜಾಸ್ತಿ ಕೆಲಸ ಬಿತ್ತು? ಹೆಬ್ಬೆರಳು, ತೋರುಬೆರಳು ಅಂತ ಅವರೇ ಹೇಳುತ್ತಾರೆ. ಪೆನ್ಸಿಲ್ ಹಿಡಿಯಲು ಬೇಕಾದದ್ದೂ ಅದೇ ಬೆರಳು. 'ಮಣ್ಣಾಟ ಆಡಿಸಿದರೆ ಓದು ಯಾವಾಗ?' ಅನ್ನುವ ಪ್ರಶ್ನೆಗೆ ಉತ್ತರ ಅವರ ಕೈಯಲ್ಲೇ ಸಿಕ್ಕಿರುತ್ತದೆ.

ಮಣ್ಣು ಮುಟ್ಟಲು ಇಷ್ಟವಿಲ್ಲದ ಮಗು ಪ್ರತಿ ಕೇಂದ್ರದಲ್ಲೂ ಒಂದಿರುತ್ತದೆ. ಬಲವಂತ ಬೇಡ. ಒಂದು ಕಡ್ಡಿ ಕೊಟ್ಟು ಚುಚ್ಚಲು, ಗೀರಲು ಬಿಡಿ. ಕೈಯಲ್ಲಿ ಶಕ್ತಿ ಕಡಿಮೆ ಇರುವ ಮಗುವಿಗೆ ಮಣ್ಣನ್ನು ಸ್ವಲ್ಪ ಮೆತ್ತಗೆ ಕಲಸಿಕೊಡಿ, ತಟ್ಟೆಯನ್ನು ಒದ್ದೆ ಬಟ್ಟೆ ಮೇಲಿಟ್ಟರೆ ಜಾರುವುದಿಲ್ಲ. ಕೆಲಸ ಮುಗಿದ ಮೇಲೆ ಎಲ್ಲರೂ ಸೋಪು ಹಾಕಿ ಕೈ ತೊಳೆಯಬೇಕು, ಉಗುರಿನ ಸಂದಿಯನ್ನೂ.

ಹೆಜ್ಜೆ 5: ಬಣ್ಣ ಮಾಡಿ, ಕುಂಚ ಮಾಡಿ

ಇದು ಎರಡನೇ ಭೇಟಿಗೆ. ಅಡುಗೆಮನೆ, ಹಿತ್ತಲು ಹುಡುಕಿದರೆ ಬಣ್ಣಕ್ಕೆ ಕೊರತೆ ಇಲ್ಲ. ಅರಿಶಿನದಿಂದ ಹಳದಿ, ಬೀಟ್‌ರೂಟ್‌ನಿಂದ ಗುಲಾಬಿ, ಬಸಳೆ ಹಣ್ಣಿನಿಂದ ನೇರಳೆ, ಇದ್ದಿಲಿನಿಂದ ಕಪ್ಪು, ಕೆಮ್ಮಣ್ಣಿನಿಂದ ಇಟ್ಟಿಗೆ ಬಣ್ಣ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಕೆಂಪಾಗುವುದು ಓಕುಳಿ ಕಲಸಿದವರಿಗೆಲ್ಲ ಗೊತ್ತು. ಮಕ್ಕಳ ಮುಂದೆ ಅದನ್ನು ಮಾಡಿದರೆ ಅವರ ಬಾಯಿ ತೆರೆದೇ ಇರುತ್ತದೆ. ಆದರೆ ಸುಣ್ಣ ಟೀಚರ್ ಕೈಯಲ್ಲೇ ಇರಬೇಕು, ಕಣ್ಣಿಗೆ ಬಿದ್ದರೆ ಅಪಾಯ. ಆ ನೀರನ್ನು ಮಕ್ಕಳ ಕೈಗೆ ಕೊಡಬೇಡಿ, ತೋರಿಸಿ ಅಷ್ಟೇ.

ಕುಂಚಕ್ಕೆ ಬೇವಿನ ಕಡ್ಡಿಯ ತುದಿ ಜಜ್ಜಿ. ಕಡ್ಡಿಗೆ ಹಳೇ ಬಟ್ಟೆ ಸುತ್ತಿ ದಾರ ಕಟ್ಟಿದರೂ ಆಯಿತು. ದಾವಣಗೆರೆ ಕಡೆಯವರಿಗೆ ಮೆಕ್ಕೆಜೋಳದ ಕಾಳು ಬಿಡಿಸಿದ ದಿಂಡು ಬೇಕಾದಷ್ಟು ಸಿಗುತ್ತದೆ. ಅದನ್ನು ಬಣ್ಣದಲ್ಲಿ ಅದ್ದಿ ಹಾಳೆ ಮೇಲೆ ಉರುಳಿಸಿದರೆ ಸೀರೆ ಅಂಚಿನ ಹಾಗೆ ಮೂಡುತ್ತದೆ. ಬೆಂಡೆಕಾಯಿಯ ತೊಟ್ಟಿನ ಕಡೆ ಕತ್ತರಿಸಿ ಒತ್ತಿದರೆ ಹೂವು. ಹಾಳೆಗೆ ಹಳೇ ಕ್ಯಾಲೆಂಡರಿನ ಹಿಂಬದಿ, ಮದುವೆ ಪತ್ರಿಕೆ, ದಿನಪತ್ರಿಕೆ. ಏನೂ ಇಲ್ಲದ ದಿನ ಒಂದು ಚೊಂಬು ನೀರು ಕೊಟ್ಟು ಹೊರಗಿನ ಗೋಡೆ ಮೇಲೆ ಬರೆಸಿ. ನಮ್ಮ ಬಿಸಿಲಿಗೆ ಎರಡು ನಿಮಿಷದಲ್ಲಿ ಆರುತ್ತದೆ, ಮತ್ತೆ ಬರೆಯಬಹುದು.

ಹೆಜ್ಜೆ 6: ಗೀಚಿದ್ದನ್ನು ಓದಲು ಕಲಿಸಿ

ನನ್ನ ಲೆಕ್ಕದಲ್ಲಿ ತರಬೇತಿಯ ಜೀವ ಇರುವುದು ಇಲ್ಲೇ. ಮೂರನೇ ಭೇಟಿ ಪೂರ್ತಿ ಇದಕ್ಕೇ ಇಡಿ.

ಪ್ರತಿಯೊಬ್ಬರೂ ತಮ್ಮ ಕೇಂದ್ರದ ಮಕ್ಕಳು ಬರೆದ ಐದು ಚಿತ್ರ ತರಲಿ. ಹಿಂದೆ ವಯಸ್ಸು ಬರೆದಿರಲಿ, ಹೆಸರು ಬೇಡ. ಎಲ್ಲವನ್ನೂ ಕಲಸಿ ನೆಲದ ಮೇಲೆ ಹರಡಿ, ವಯಸ್ಸು ಊಹಿಸಿ ಜೋಡಿಸಲು ಹೇಳಿ. ಅರ್ಧ ಗಂಟೆಯಲ್ಲಿ ಒಂದು ದಾರಿ ತಾನಾಗಿ ಕಾಣುತ್ತದೆ. ಮೂರು ವರ್ಷದ ಹಾಳೆಯಲ್ಲಿ ಗೀಚು, ಸುತ್ತು. ನಾಲ್ಕರ ಹೊತ್ತಿಗೆ ಒಂದು ದುಂಡು, ಅದರಿಂದಲೇ ನೇರ ಇಳಿದ ಎರಡು ಕಾಲು. ಹೊಟ್ಟೆ ಇಲ್ಲ, ಕುತ್ತಿಗೆ ಇಲ್ಲ. ಐದು ದಾಟಿದವರಲ್ಲಿ ಮನೆ, ಅಮ್ಮ, ಕುರಿ ಬೇರೆ ಬೇರೆಯಾಗಿ ಬರುತ್ತವೆ. ಕೆಲವರು ಕೆಳಗೆ ನೆಲದ ಗೆರೆಯನ್ನೂ ಎಳೆಯುತ್ತಾರೆ. ಆಸ್ಟ್ರಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಪಾಠ ಹೇಳಿದ ವಿಕ್ಟರ್ ಲೋವೆನ್‌ಫೆಲ್ಡ್ ಎಂಬ ಕಲಾಶಿಕ್ಷಕ 2ರಿಂದ 4 ವರ್ಷ ಗೀಚುವ ಹಂತ, 4ರಿಂದ 7 ಆಕಾರ ಹುಡುಕುವ ಹಂತ ಅಂತ ಗುರುತಿಸಿದ್ದರು. ಅವರ ಹೆಸರನ್ನು ನಾನು ಟೀಚರ್‌ಗಳು ಜೋಡಿಸಿ ಮುಗಿಸಿದ ಮೇಲೆ ಹೇಳುತ್ತೇನೆ. ತಾವೇ ಕಂಡುಕೊಂಡದ್ದನ್ನು ಬೇರೆ ದೇಶದವರೂ ಕಂಡಿದ್ದಾರೆ ಅಂತ ಗೊತ್ತಾದಾಗ ಅವರಿಗಾಗುವ ಖುಷಿಯೇ ಬೇರೆ.

ಇದಾದ ಮೇಲೆ ಮಾತಿನ ಅಭ್ಯಾಸ. ಇಬ್ಬಿಬ್ಬರು ಜೋಡಿ. ಒಬ್ಬರು ಮಗು, ಒಬ್ಬರು ಟೀಚರ್. ಮೊದಲ ಸಲ ರೂಢಿಯಂತೆ ಮಾತಾಡಲಿ: "ಇದೇನೋ ಇದು? ಆನೆನಾ? ಸೊಂಡಿಲೆಲ್ಲಿ? ತಾ ಇಲ್ಲಿ, ನಾನು ಬರ್ಕೊಡ್ತೀನಿ." ಮಗುವಾಗಿ ಕೂತವರಿಗೆ ಹೇಗನ್ನಿಸಿತು ಅಂತ ಕೇಳಿ. "ಹಾಳೆ ಕಿತ್ಕೊಂಡಂಗಾಯ್ತು" ಅಂದರು ಒಬ್ಬರು.

ಎರಡನೇ ಸಲ ಮೂರು ಕಟ್ಟುಪಾಡು. ಮಗುವಿನ ಕೈ ಹಿಡಿದು ಬರೆಸುವಂತಿಲ್ಲ. ಅದರ ಹಾಳೆ ಮೇಲೆ ನಿಮ್ಮ ಗೆರೆ ಬೀಳುವಂತಿಲ್ಲ. 'ಇದೇನು' ಅಂತ ಕೇಳುವಂತಿಲ್ಲ. ಹಾಗಾದರೆ ಏನು ಮಾತಾಡಬೇಕು? ಕಣ್ಣಿಗೆ ಕಂಡದ್ದನ್ನು ಹೇಳಿ. "ಇಲ್ಲಿ ಕೆಂಪು ಜಾಸ್ತಿ ಹಚ್ಚಿದೀಯ." "ಈ ಗೆರೆ ಎಷ್ಟು ಉದ್ದ ಹೋಗಿದೆ!" ಆಮೇಲೆ, "ಇದರ ಕತೆ ಹೇಳ್ತೀಯಾ?" ಅಷ್ಟು ಸಾಕು. ಮಗು ಹೇಳಿದ ಮಾತನ್ನು ಅದರ ಬಾಯಲ್ಲಿ ಬಂದ ಹಾಗೇ ಹಾಳೆಯ ಅಂಚಿಗೆ, ಅದರ ಕಣ್ಣೆದುರೇ ಬರೆದುಕೊಳ್ಳಿ. 'ನಮ್ಮಪ್ಪ ಲಾರಿ ತಗಂಡು ಹೋಗೈತೆ' ಅಂದರೆ ಹಾಗೇ ಬರೆಯಿರಿ, ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಆಮೇಲೆ ಬೆರಳಿಟ್ಟು ಓದಿ ತೋರಿಸಿ. ತಾನು ಆಡಿದ ಮಾತು ಅಕ್ಷರವಾಗುತ್ತದೆ ಅಂತ ಮಗುವಿಗೆ ಮೊದಲ ಸಲ ಗೊತ್ತಾಗುವುದು ಆಗಲೇ.

'ಚೆನ್ನಾಗಿದೆ', 'ಗುಡ್' ಅನ್ನುವುದನ್ನೂ ಕಡಿಮೆ ಮಾಡಿ. ಎಲ್ಲರಿಗೂ ಅದನ್ನೇ ಹೇಳಿದರೆ ನೀವು ನೋಡಲೇ ಇಲ್ಲ ಅಂತ ಮಕ್ಕಳಿಗೆ ತಿಳಿಯುತ್ತದೆ.

ಹೆಜ್ಜೆ 7: ಕತೆ ಆಡಿಸಿ

ನಾಲ್ಕನೇ ಭೇಟಿಗೆ ನಾಟಕ. ದುರ್ಗದಲ್ಲಿ ತರಬೇತಿ ಕೊಟ್ಟರೆ ಎಲ್ಲರೂ ಮೊದಲು ತೆಗೆಯುವುದು ಒನಕೆ ಓಬವ್ವ. ಒಂದು ಹುಡುಗಿಗೆ ಸೀರೆ ಉಡಿಸಿ, ಕೈಗೆ ರಟ್ಟಿನ ಒನಕೆ ಕೊಟ್ಟು, ಉಳಿದವರು ಕೂತು ನೋಡುವುದು. ಅದು ಫ್ಯಾನ್ಸಿ ಡ್ರೆಸ್ ಆಯಿತು. ಎಲ್ಲ ಮಕ್ಕಳೂ ಆಡಬೇಕಾದರೆ ಹೀಗೆ ಮಾಡಿ. ಕೆಲವರು ಕೈ ಕೈ ಹಿಡಿದು ಕೋಟೆ ಗೋಡೆಯಾಗಲಿ. ದುರ್ಗದ ಕೋಟೆಯನ್ನು ಏಳು ಸುತ್ತಿನ ಕೋಟೆ ಅನ್ನುತ್ತೇವಲ್ಲ, ಏಳು ಸುತ್ತು ಎಣಿಸುತ್ತಾ ನಡೆಯಲಿ. ಇಬ್ಬರು ದೊಡ್ಡವರು ಸೀರೆ ಹಿಡಿದು ಕಿಂಡಿ ಮಾಡಿ, ಮಕ್ಕಳು ಅದರೊಳಗೆ ತೆವಳಿ ಬರಲಿ. ಓಬವ್ವ ನೀರಿಗೆ ಹೋಗುವಾಗ ಕೊಡ ಹೇಗೆ ಹಿಡಿದಳು? ಸದ್ದು ಕೇಳಿದಾಗ ಹೇಗೆ ನಿಂತಳು? ಎಲ್ಲರೂ ಒಟ್ಟಿಗೆ ಕಿವಿಗೊಟ್ಟು, ಉಸಿರು ಬಿಗಿಹಿಡಿದು ನಿಲ್ಲಲಿ. ಒನಕೆಯಿಂದ ಬಡಿಯುವ ಭಾಗವನ್ನು ಈ ವಯಸ್ಸಿಗೆ ನಾನು ಆಡಿಸುವುದಿಲ್ಲ. 'ಶತ್ರು ಬಂದಾಗ ಓಬವ್ವ ಹೆದರಲಿಲ್ಲ, ಊರು ಕಾದಳು' ಅಂದರೆ ಸಾಕು. ಉಳಿದದ್ದು ದೊಡ್ಡವರಾದ ಮೇಲೆ ತಿಳಿಯುತ್ತದೆ.

ಗೊಂಬೆಯೂ ಬೇಕು. ಮರದ ಸೌಟಿಗೆ ಕಣ್ಣು ಬರೆದು, ಹಳೇ ಸೀರೆ ತುಂಡು ಸುತ್ತಿದರೆ ಗೊಂಬೆ ಸಿದ್ಧ. ನಮ್ಮ ಜೊತೆ ಮಾತಾಡದ ಮಗು ಸೌಟಿನ ಜೊತೆ ಮಾತಾಡುತ್ತದೆ. ನಾಚಿಕೆಯ ಟೀಚರ್‌ಗಳೂ ಹಾಗೇ.

ಹೆಜ್ಜೆ 8: ಊರಿನ ಕಲಾವಿದರನ್ನು ಕರೆಯಿರಿ

ಹೊಸದುರ್ಗ ತಾಲೂಕಿನ ಸಾಣೇಹಳ್ಳಿ ಹಳ್ಳಿಯಲ್ಲೇ ನಾಟಕ ಬೆಳೆಸಿ, ಶಿವಸಂಚಾರ ತಂಡವನ್ನು ನಾಡೆಲ್ಲ ಸುತ್ತಿಸಿದ ಜಾಗ. ದಾವಣಗೆರೆ ಚಿಂದೋಡಿ ಲೀಲಾ ಅವರ ಕಂಪನಿ ನಾಟಕ ಕಂಡ ಊರು. ಅಲ್ಲಿ ದೃಶ್ಯಕಲಾ ಮಹಾವಿದ್ಯಾಲಯವೂ ಇದೆ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವರು, ಚಳ್ಳಕೆರೆಯಲ್ಲಿ ಕಂಬಳಿ ನೇಯುವವರು. ಹಳ್ಳಿಗಳಲ್ಲಿ ಉರುಮೆ, ಡೊಳ್ಳು, ಕೋಲಾಟ. ಇಷ್ಟೆಲ್ಲ ಇದ್ದೂ ಅಂಗನವಾಡಿ ಗೋಡೆಗೆ ಅಂಗಡಿಯಿಂದ ತಂದ ಕಾರ್ಟೂನ್ ಅಂಟಿಸುತ್ತೇವೆ, ಅಲ್ವಾ?

ಕರೆಯುವಾಗ ಮೊದಲೇ ಮಾತಾಡಿಕೊಳ್ಳಿ. ಮಕ್ಕಳ ಮುಂದೆ 20 ನಿಮಿಷ ಮಾತ್ರ. ಅದರಲ್ಲಿ ಐದು ನಿಮಿಷ ತೋರಿಸುವುದು, ಉಳಿದದ್ದು ಮಕ್ಕಳ ಕೈಗೆ ಕೊಡುವುದು. ಕೋಲು ಮಕ್ಕಳೇ ಹಿಡಿಯಬೇಕು, ಉರುಮೆಯ ಚರ್ಮ ಮುಟ್ಟಿ ನೋಡಬೇಕು, ಕಂಬಳಿಯ ಉಣ್ಣೆ ಹಿಂಜಬೇಕು. ಜೋರು ಸದ್ದಿಗೆ ಸಣ್ಣವರು ಹೆದರುತ್ತಾರೆ, ಮೊದಲು ಮೆಲ್ಲಗೆ ಬಾರಿಸಲು ಹೇಳಿ. ಬಂದವರಿಗೆ ಬಸ್ ಚಾರ್ಜು, ದಿನದ ಕೂಲಿ ಕೊಡಿ. ಶಾಲು ಹೊದಿಸಿ ಕಳಿಸಿದರೆ ಅವರ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಅಂಗನವಾಡಿಯನ್ನು ನೋಡಿಕೊಳ್ಳುವ ಊರವರ ಬಾಲವಿಕಾಸ ಸಮಿತಿಯಲ್ಲಿ ಈ ಮಾತು ಮುಂಚೆಯೇ ಎತ್ತಿ.

ಹೆಜ್ಜೆ 9: ಕೇಂದ್ರಕ್ಕೆ ಹೋಗಿ, ಹಿಂದೆ ಕೂರಿ

ಭೇಟಿಗಳ ನಡುವೆ ಪ್ರತಿ ಟೀಚರ್ ಹತ್ತಿರ ಒಮ್ಮೆಯಾದರೂ ಹೋಗಿ. ಮಕ್ಕಳ ಹಿಂದೆ ಚಾಪೆ ಮೇಲೆ ಕೂರಿ. ಅವರ ಕೈಯಿಂದ ಕೆಲಸ ಕಿತ್ತುಕೊಂಡು 'ಹೀಗೆ ಮಾಡ್ಬೇಕು' ಅಂತ ತೋರಿಸಬೇಡಿ. ನಾನು ಈ ತಪ್ಪು ಮಾಡಿದ್ದೇನೆ. ಮಕ್ಕಳ ಮುಂದೆ ಅವರ ಟೀಚರನ್ನು ಚಿಕ್ಕದು ಮಾಡಿದ ಹಾಗಾಯಿತು. ಆಕೆ ಮುಂದಿನ ಭೇಟಿಗೆ ಬರಲಿಲ್ಲ. ಮಕ್ಕಳು ಹೋದ ಮೇಲೆ ಒಂದೇ ಪ್ರಶ್ನೆ ಕೇಳಿ: "ಇವತ್ತು ಯಾವ ಮಗು ನಿಮಗೆ ಆಶ್ಚರ್ಯ ತಂತು?" ಅದರ ಸುತ್ತಲೇ ಮಾತಾಡಿ.

ಕೇಂದ್ರದಲ್ಲಿ ದಿನಕ್ಕೆ ಎಷ್ಟು ಹೊತ್ತು ಅಂತ ಕೇಳುತ್ತಾರೆ. ಮೂರು ವರ್ಷದವರು 10 ನಿಮಿಷ ಕೂತರೆ ಹೆಚ್ಚು, ಐದು ವರ್ಷದವರು 20 ನಿಮಿಷ ಕೂರುತ್ತಾರೆ. ಹಾಡು ದಿನಾಲೂ ಇರಲಿ, ಮಣ್ಣು ಅಥವಾ ಬಣ್ಣ ವಾರಕ್ಕೆ ಎರಡು ಸಲ ಬಂದರೆ ಚೆನ್ನ.

ತಾಯಂದಿರು ಕೇಳಿಯೇ ಕೇಳುತ್ತಾರೆ

"ಪಕ್ಕದ ಕಾನ್ವೆಂಟ್‌ನಲ್ಲಿ ಎ ಬಿ ಸಿ ಡಿ ಬರೆಸ್ತಾರೆ, ನೀವೇನು ಮಣ್ಣಾಟ ಆಡಿಸ್ತೀರಾ?" ಟೀಚರ್‌ಗಳಿಗೆ ಇದಕ್ಕೆ ಉತ್ತರ ಕೊಡುವ ಅಭ್ಯಾಸ ಮಾಡಿಸದೆ ಕಳಿಸಬೇಡಿ. ಸರ್ಕಾರದ ದಾಖಲೆಯೂ ನಮ್ಮ ಕಡೆಗಿದೆ. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 3ರಿಂದ 8 ವರ್ಷದವರಿಗೆ ಆಟ, ಹಾಡು, ಕತೆ, ಕಲೆಯ ಮೂಲಕವೇ ಕಲಿಸಿ ಅನ್ನುತ್ತದೆ. ಇದೇನು ಹೊಸ ಫ್ಯಾಷನ್ ಅನ್ನುವವರಿಗೆ ಗಿಜುಭಾಯಿ ಬಧೇಕಾ ಹೆಸರು ಹೇಳಿ. 1920ರಲ್ಲೇ ಅವರು ಗುಜರಾತಿನ ಭಾವನಗರದಲ್ಲಿ ಬಾಲಮಂದಿರ ತೆರೆದು, ಕತೆ, ಹಾಡು, ನಾಟಕದ ಮೂಲಕ ಕಲಿಸಿದರು.

ಆದರೆ ತಾಯಂದಿರಿಗೆ ದಾಖಲೆಗಿಂತ ಕೆಲಸವೇ ಚೆನ್ನಾಗಿ ತಿಳಿಯುತ್ತದೆ. ತಿಂಗಳಿಗೊಮ್ಮೆ ಅವರನ್ನು ಕರೆದು ಮಕ್ಕಳ ಪಕ್ಕದಲ್ಲೇ ಕೂರಿಸಿ, ಅವರ ಕೈಗೂ ಮಣ್ಣು ಕೊಡಿ. ಮಗುವಿನ ಮೂರು ಚಿತ್ರ ತೋರಿಸಿ: ಜೂನ್‌ನದು, ಆಗಸ್ಟ್‌ನದು, ಅಕ್ಟೋಬರ್‌ನದು. ಅಂಚಿಗೆ ಬರೆದ ಮಾತು ಓದಿ ಹೇಳಿ. ಒಬ್ಬ ತಾಯಿ ಆ ಹಾಳೆಯನ್ನು ಮಡಚಿ ರವಿಕೆಯೊಳಗಿಟ್ಟುಕೊಂಡು ಹೋದರು.

ವಾರ್ಷಿಕೋತ್ಸವದ ಕುಣಿತದ ಬಗ್ಗೆ ಒಂದು ಮಾತು. ಸಿನಿಮಾ ಹಾಡಿಗೆ ಎರಡು ವಾರ ಬಿಸಿಲಲ್ಲಿ ನಿಲ್ಲಿಸಿ ಹೆಜ್ಜೆ ಕಲಿಸುವುದು ಕಲೆಯ ಕಲಿಕೆ ಅಲ್ಲ. ದಿನಾ ಹಾಡುವ ಹಾಡನ್ನೇ ಅವತ್ತು ಮೂರು ನಿಮಿಷ ಎಲ್ಲರೂ ಸೇರಿ ಹಾಡಲಿ. ಮಕ್ಕಳ ಚಿತ್ರಗಳನ್ನು ಮಕ್ಕಳ ಎತ್ತರಕ್ಕೆ ದಾರಕ್ಕೆ ನೇತುಹಾಕಿ. ನೋಡಬೇಕಾದರೆ ದೊಡ್ಡವರು ಬಗ್ಗಲಿ.

ಕೊನೆಯ ಭೇಟಿ

ಅವತ್ತು ಮತ್ತೆ ಒಂದೊಂದು ಬಿಳಿ ಹಾಳೆ ಕೊಟ್ಟು, ಮೊದಲ ದಿನ ಹೇಳಿದ್ದನ್ನೇ ಹೇಳಿ: ಇಷ್ಟ ಬಂದದ್ದು ಬರೀರಿ. ಮೊದಲ ದಿನದ ಹಾಳೆಗಳನ್ನು ಎತ್ತಿಟ್ಟಿರುತ್ತೀರಲ್ಲ, ಅವುಗಳ ಪಕ್ಕದಲ್ಲೇ ಅಂಟಿಸಿ. ತರಬೇತಿಯಿಂದ ಏನಾಯಿತು ಅಂತ ಕೇಳುವ ಅಧಿಕಾರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ವರದಿ ನನಗೆ ಸಿಕ್ಕಿಲ್ಲ. ಚಳ್ಳಕೆರೆಯ ಆ ತಂಡದಲ್ಲಿ ಎರಡನೇ ಸಲವೂ ಹೊಳೆ, ತೆಂಗಿನ ಮರ ಬರೆದವರು ಆರು ಜನ ಇದ್ದರು. ಉಳಿದವರಲ್ಲಿ ಒಬ್ಬರು ರೊಟ್ಟಿ ಹೆಂಚು ಬರೆದಿದ್ದರು, ಒಬ್ಬರು ಬಂಡೆ ಸಂದಿಯಲ್ಲಿ ಮಲಗಿದ ಕುರಿಮರಿ, ಇನ್ನೊಬ್ಬರು ಬರೀ ಬಣ್ಣದ ಸುತ್ತುಗಳು.

ಆ ಆರು ಜನರ ಕೇಂದ್ರಗಳಿಗೆ ಮುಂದಿನ ತಿಂಗಳು ಇನ್ನೊಮ್ಮೆ ಹೋಗಿ ಕೂರಿ. ಉಳಿದವರಲ್ಲಿ ಇಬ್ಬರನ್ನು, ಸಾಧ್ಯವಾದರೆ ಒಬ್ಬ ಸಹಾಯಕಿಯನ್ನೂ ಸೇರಿಸಿ, ಮುಂದಿನ ತಂಡಕ್ಕೆ ತರಬೇತಿ ಕೊಡಲು ಜೊತೆಗೆ ಕರೆದುಕೊಂಡು ಹೋಗಿ. ಮಣ್ಣು ಹದ ಮಾಡುವ ಪಾಠ ಅವರೇ ಮಾಡಲಿ.